ಬೆಂಕಿ ಬೆಟ್ಟದ ಬುಡಕ್ಕೆ ಅಕ್ಕಿ

ತೊಂಬತ್ತರ ದಶಕದ ನಡುವೆ ನಾವು ಲ್ಯಾನ್‌ಹ್ಯಾಮ್‌ನಲ್ಲಿದ್ದೆವು. ಅಡುಗೆಯವನಾಗಿ ಅಮೆರಿಕಕ್ಕೆ ಬಂದ ನಾನು ಅಷ್ಟರಲ್ಲಿ ಸ್ವಂತ ವ್ಯಾನ್ ಇಟ್ಟುಕೊಂಡು, ಕನ್ನಡದವರ ನಾಮಕರಣ, ಮದುವೆಗಳಿಗೆ ಊಟ ಮಾಡಿಕೊಡುತ್ತಿದ್ದೆ. ಮೇಲಿನ ಮನೆಯ ಹೆಂಗಸು ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದವಳು. ಅಲ್ಲಿ ಜ್ವಾಲಾಮುಖಿ ಎದ್ದಿತ್ತು. ಬೆಟ್ಟದ ಬುಡದ ಊರುಗಳನ್ನು ಖಾಲಿ ಮಾಡಿ ಎಂದು ಸರ್ಕಾರ ಹೇಳಿದರೂ ಅವಳ ತಾಯಿ ಮಾತ್ರ ಅಂಗಳಕ್ಕೆ ಬಿದ್ದ ಬೂದಿಯನ್ನು ದಿನಾ ಗುಡಿಸಿಕೊಂಡು ಅಲ್ಲೇ ಇದ್ದಳು.

ಮಗಳು ದೊಡ್ಡ ಡ್ರಮ್ಮಿನಲ್ಲಿ ಅಕ್ಕಿ, ಎಣ್ಣೆ, ಸೋಪು, ಮೇಣದಬತ್ತಿ ತುಂಬಿ ಹಡಗಿಗೆ ಹಾಕಿಸುತ್ತಿದ್ದಳು. ಹಡಗಿನ ಏಜೆಂಟನ ತನಕ ಅದನ್ನು ಸಾಗಿಸುವುದು ನನ್ನ ವ್ಯಾನು. ಒಂದು ಸಲ ನನ್ನ ಹೆಂಡತಿಯೂ ಡಬ್ಬಿ ತುಂಬ ಚಕ್ಕುಲಿ ಇಟ್ಟಳು. ಆವತ್ತು ನಾನು, "ಈ ಡ್ರಮ್ಮನ್ನೇ ತಗೊಂಡೋಗಲ್ಲ" ಎಂದೆ.

"ಏನ್ರೀ ಹಂಗಂದ್ರೆ? ಆ ಅಜ್ಜಿ ಉಪವಾಸ ಸಾಯ್ಬೇಕಾ?"

"ಉಪವಾಸ ಯಾಕೆ? ದ್ವೀಪದ ಆ ಕಡೆ ಶೆಲ್ಟರ್‌ನಲ್ಲಿ ಊಟ ಹಾಕ್ತಾರಂತಲ್ಲ. ಮನೆಬಾಗ್ಲಿಗೇ ಅಕ್ಕಿ ಬರ್ತಿದ್ರೆ ಅವಳ್ಯಾಕೆ ಏಳ್ತಾಳೆ?"

"ಓಹೋ, ದೊಡ್ಡ ಸೈಂಟಿಸ್ಟು ನೀವು!"

ಹೇಮಾವತಿ ಅಣೆಕಟ್ಟಿನ ನೀರು ನಮ್ಮೂರನ್ನು ಮುಳುಗಿಸಿದಾಗ ಶಾಲೆಯೂ ಮುಳುಗಿ, ನನ್ನ ಓದು ಏಳನೆಯ ಕ್ಲಾಸಿಗೇ ನಿಂತಿತು. ಊರೆಲ್ಲ ಎದ್ದರೂ ದಿಬ್ಬದ ಮೇಲಿನ ಮನೆ ಬಿಟ್ಟು ತಾತ ಏಳಲಿಲ್ಲ. ಅಪ್ಪ ಹರಿಗೋಲಿನಲ್ಲಿ ರಾಗಿಹಿಟ್ಟು ಮುಟ್ಟಿಸುತ್ತಲೇ ಇದ್ದ, ತಾತ ಮುದ್ದೆ ಕಟ್ಟುತ್ತಲೇ ಇದ್ದ. ಅಪ್ಪನಿಗೆ ಜ್ವರ ಬಂದು ಹಿಟ್ಟು ನಿಂತ ಮೇಲೆಯೇ ತಾತ ಎಲ್ಲರನ್ನೂ ಬೈದುಕೊಂಡು ಮೀನು ಹಿಡಿಯುವವರ ಹರಿಗೋಲು ಹತ್ತಿ ಬಂದದ್ದು.

ಇದನ್ನೆಲ್ಲ ನನ್ನ ಹರಕು ಇಂಗ್ಲಿಷಿನಲ್ಲಿ ಮೇಲಿನ ಮನೆಯವಳಿಗೆ ಹೇಳಿದೆ. "ನಿನ್ನ ತಾಯಿಯಾಗಿದ್ದರೆ ಹೀಗನ್ನುತ್ತಿದ್ದೆಯಾ?" ಎಂದು ಕೂಗಾಡಿ ಬಾಗಿಲು ಹಾಕಿಕೊಂಡಳು. ಮೆಟ್ಟಿಲಲ್ಲಿ ಸಿಕ್ಕರೂ ಮುಖ ತಿರುಗಿಸುತ್ತಿದ್ದಳು. ಬೇರೆ ವ್ಯಾನು ಹುಡುಕಬಹುದಿತ್ತು, ಹುಡುಕಲಿಲ್ಲ. ಇನ್ನು ಸಾಮಾನು ಬರುವುದಿಲ್ಲ, ಟಿಕೆಟ್ ಬರುತ್ತದೆ ಎಂದು ತಾಯಿಗೆ ಫೋನ್ ಮಾಡಿದಳಂತೆ. ಟಿವಿಯಲ್ಲಿ ಆ ಬೆಟ್ಟದ ಹೊಗೆ ಕಂಡಾಗಲೆಲ್ಲ ವ್ಯಾನ್ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ನನ್ನ ಭಯವನ್ನು ಹೆಂಡತಿಗೆ ತೋರಿಸಿಕೊಳ್ಳಲಿಲ್ಲ.

ಅಜ್ಜಿ ಮೊದಲು ಶೆಲ್ಟರಿಗೆ ಹೋದಳು. ಅಲ್ಲಿನ ಊಟ ಬಾಯಿಗೆ ಹತ್ತದೆ ಮಗಳ ಹತ್ತಿರ ಬಂದಳು. ಆಮೇಲೆ ಅವಳ ಊರು ಬೂದಿಯಲ್ಲಿ ಹೂತುಹೋಯಿತು.

ಮಗಳನ್ನು ಕೂರಿಸಿಕೊಂಡು ಹೋಗಿ ಏರ್‌ಪೋರ್ಟಿನಿಂದ ಅವಳನ್ನು ಕರೆತಂದದ್ದು ನಾನೇ. ಮನೆ ಮುಂದೆ ವ್ಯಾನ್ ನಿಂತಾಗ ಅಜ್ಜಿ ಮಗಳನ್ನು ಕೇಳಿದಳು: "ನನ್ನ ಅಕ್ಕಿ ನಿಲ್ಲಿಸಿದವನು ಇವನೇನಾ?"

"ಹೌದು, ನಾನೇ" ಎಂದು ಇಳಿಸಲು ಕೈ ಚಾಚಿದೆ. ಅಜ್ಜಿ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿ, ತಾನೇ ಇಳಿದಳು.