ಆಯುಧಪೂಜೆಗೆ ತೊಳೆದ ಟ್ಯಾಂಕು

ಬೆಳಿಗ್ಗೆ ಹಾಲು ಕಾಯಿಸಿದೆ, ಅತ್ತೆಯವರಿಗೆ ಬಿಸಿನೀರು ತೋಡಿಕೊಟ್ಟೆ, ಹಿಂದಿನ ದಿನದ ಹಬ್ಬದ ಬಾಳೆ ಎಲೆಗಳನ್ನು ತಿಪ್ಪೆಗೆ ಹಾಕಿದೆ, ಮಗಳ ಜಡೆ ಹೆಣೆದೆ, ಉಳಿದ ಪುಳಿಯೋಗರೆಯನ್ನು ಡಬ್ಬಿಗೆ ತುಂಬಿಕೊಂಡು ಹೊಳೆನರಸೀಪುರದ ಬಸ್ಸು ಹತ್ತಿದೆ. ತೊಂಬತ್ತರ ದಶಕದ ಕೊನೆಯ ಮಾತು. ಮನೆ ಹಾಸನದಲ್ಲಿ. ದಾರಿಯಲ್ಲಿ ಸಿಗುವ ಮೊಸಳೆ ಎಂಬ ಊರಿನಿಂದಾಚೆ ಒಂದು ವಸತಿ ಕಾಲೊನಿಯ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ನಾನು ಕೆಮಿಸ್ಟ್ ಆಗಿದ್ದೆ.

ಕಾಲೊನಿಯ ಬಚ್ಚಲು, ಕಕ್ಕಸಿನ ನೀರೆಲ್ಲ ನಮ್ಮ ಏರೇಶನ್ ಟ್ಯಾಂಕಿಗೆ ಬರುತ್ತಿತ್ತು. ಬ್ಲೋಯರ್ ಅದಕ್ಕೆ ಗಾಳಿ ಊದುತ್ತಿತ್ತು. ಆ ಗಾಳಿಯಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು, ಕಂದು ಕೆಸರಾಗಿ ತಳದಲ್ಲಿ ಕೂರುತ್ತಿದ್ದವು. ಮೇಲಿನ ತಿಳಿನೀರು ಹಳ್ಳಕ್ಕೆ ಬಿದ್ದು, ಮುಂದೆ ಹೇಮಾವತಿ ಸೇರುತ್ತಿತ್ತು. ಹಳ್ಳದ ಕೆಳಗಿನ ಊರಿನ ದನಕರು ಕುಡಿಯುತ್ತಿದ್ದುದು ಅದೇ ನೀರು.

ಅಂದು ಗೇಟಿನಲ್ಲೇ ಆಪರೇಟರ್ ಚಂದ್ರಪ್ಪನವರು ನಗುತ್ತಾ ನಿಂತಿದ್ದರು. ಬ್ಲೋಯರಿಗೆ ಚೆಂಡುಹೂವಿನ ಹಾರ, ಪಂಪಿಗೆ ಕುಂಕುಮ, ಬಾಗಿಲಲ್ಲಿ ಒಡೆದ ಬೂದುಗುಂಬಳ.

“ಟ್ಯಾಂಕಿನ ಒಳಗೂ ತೊಳ್ದಿದ್ದೀವಿ ಮೇಡಂ. ಗೋಡೆ ಉಜ್ಜಿ, ಮೂಟೆಗಟ್ಲೆ ಬ್ಲೀಚಿಂಗ್ ಪೌಡರ್ ಸುರುದ್ಬುಟ್ವಿ. ವಾಸ್ನೆ ಬತ್ತಾ ಐತಾ, ನೀವೇ ಯೋಳಿ?”

ನಾನು ನೇರ ಟ್ಯಾಂಕಿನ ಕಡೆ ಓಡಿದೆ. ಟ್ಯಾಂಕಿನ ನೀರನ್ನು ಗಾಜಿನ ಜಾಡಿಗೆ ತುಂಬಿಟ್ಟೆ. ಎಷ್ಟು ಹೊತ್ತು ಕಾದರೂ ಕೆಸರು ಕೂರಲಿಲ್ಲ. ಮೈಕ್ರೋಸ್ಕೋಪಿನಲ್ಲಿ ಅಲ್ಲಾಡುವ ಜೀವ ಒಂದೂ ಇಲ್ಲ.

“ಚಂದ್ರಪ್ಪ, ಯಂತ್ರಕ್ಕೆ ಪೂಜೆ ಮಾಡಿ ಕೆಲಸಗಾರರನ್ನೆಲ್ಲ ಸಾಯಿಸಿಬಿಟ್ರಲ್ಲಪ್ಪಾ!”

“ಅಯ್ಯೋ, ಯಾರ್ ಸತ್ರು ಮೇಡಂ?”

ಜಾಡಿ ತೋರಿಸಿ ವಿವರಿಸಿದಾಗ ಅವರ ಮುಖ ಬಾಡಿಹೋಯಿತು. ಹಳ್ಳದ ಕಡೆಯ ಗೇಟ್ ವಾಲ್ವ್ ಮುಚ್ಚಿಸಿ, ನೀರನ್ನು ಪಕ್ಕದ ಖಾಲಿ ಹೊಂಡಕ್ಕೆ ತಿರುಗಿಸಿದೆವು. ಆ ಹೊಂಡ ತುಂಬುವುದರೊಳಗೆ ಟ್ಯಾಂಕಿಗೆ ಜೀವ ಬರಬೇಕು. ಇಲ್ಲದಿದ್ದರೆ ಕೊಳಚೆ ಇದ್ದ ಹಾಗೇ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ.

ಹಿಂದಿನ ಸಂಜೆಯಿಂದ ಹರಿದ ನೀರು ಆಗಲೇ ಹೋಗಿತ್ತು. ದನ ಬಿಡಬೇಡಿ ಎಂದು ಹೇಳಲು ಕೆಳಗಿನ ಊರಿಗೆ ನಾನೇ ಹೋದೆ. ಹಳ್ಳದ ದಡದಲ್ಲೇ ಮನೆ ಮಾಡಿಕೊಂಡಿದ್ದ ನಿಂಗೇಗೌಡರು ಕೂಗಾಡಿದರು.

“ನನ್ನೆಮ್ಮೆ ತುಂಬಿದ ಗಬ್ಬ ಕಣವ್ವಾ! ಅದುಕ್ಕೇನಾರ ಆದ್ರೆ ನಿಮ್ಮಾಪೀಸ್ ಮುಂದೇನೇ ತಂದು ಕಟ್ತೀನಿ. ಬಾಣಂತನ ನೀನೇ ಮಾಡೀವಂತೆ!”

“ಮಾಡ್ತೀನಿ ಗೌಡ್ರೇ. ಅದಕ್ಕೆ ಮುಂಚೆ ಒಂದು ಗಾಡಿ ಸಗಣಿ ಕೊಡಿ,” ಅಂದೆ.

ಗೌಡರು ನನ್ನನ್ನೇ ದಿಟ್ಟಿಸಿದರು. ಸಗಣಿಯಲ್ಲೂ ಕೊಳೆ ತಿನ್ನುವ ಜೀವಿಗಳಿರುತ್ತವೆ, ಸತ್ತ ಟ್ಯಾಂಕಿಗೆ ಅದೇ ಹೆಪ್ಪು ಎಂದೆ. “ಊರಿನ ಕೊಚ್ಚೆಯೆಲ್ಲಾ ನಮ್ಗೆ, ನಮ್ಮ ಸಗಣಿ ನಿಮ್ಗೆ! ಚೆಂದಾಗೈತೆ ಕಣವ್ವಾ ಯಾಪಾರ,” ಎಂದು ಗೊಣಗುತ್ತಲೇ ಗಾಡಿ ಹೂಡಿದರು.

ಬ್ಲೀಚಿಂಗ್ ವಾಸನೆ ಪೂರ್ತಿ ಹೋಗುವವರೆಗೂ ಗಾಳಿ ಊದಿಸಿದೆವು. ಆಮೇಲೆ ಸಗಣಿ ಕದಡಿ, ಗೋಣಿತಾಟಿನಲ್ಲಿ ಸೋಸಿ ಸುರಿದೆವು. ಹಾಸನದ ಕಡೆಯ ಇನ್ನೊಂದು ಘಟಕದಿಂದ ಜೀವಂತ ಕೆಸರು ಟ್ಯಾಂಕರಿನಲ್ಲಿ ಬಂತು. ಚಂದ್ರಪ್ಪನವರು ಸಗಣಿಯದೇ ಒಂದು ಪಿಳ್ಳಾರಿ ಗಣಪನನ್ನು ಮಾಡಿ, ಗರಿಕೆ ಸಿಕ್ಕಿಸಿ, ಟ್ಯಾಂಕಿನ ಕಟ್ಟೆ ಮೇಲಿಟ್ಟು ಕೈಮುಗಿದರು. ನೀರು ಕಡಿಮೆ ಬರಲೆಂದು ಕಾಲೊನಿಯವರನ್ನು ಬಟ್ಟೆ ಒಗೆಯಬೇಡಿ ಎಂದು ಬೇಡಿಕೊಂಡೆ, ಬೈಸಿಕೊಂಡೆ. ಹೊಂಡ ದಿನದಿನವೂ ಏರುತ್ತಲೇ ಇತ್ತು.

ಇನ್ನೊಂದು ಗೇಣು ಉಳಿದಿದ್ದಾಗ, ಒಂದು ಬೆಳಿಗ್ಗೆ, ಜಾಡಿಯಲ್ಲಿ ಕಂದು ಕೆಸರು ನಿಧಾನವಾಗಿ ಕೆಳಗಿಳಿಯಿತು. ಮೇಲೆ ತಿಳಿನೀರು. ಚಂದ್ರಪ್ಪನವರು ಜಾಡಿಯನ್ನು ಬಿಸಿಲಿಗೆ ಹಿಡಿದು, “ಬಂದ್ಬುಟ್ರು ಮೇಡಂ, ಎಲ್ರೂ ಡ್ಯೂಟಿಗೆ ಬಂದ್ಬುಟ್ರು!” ಎಂದರು. ಹೊಂಡದ ನೀರನ್ನು ಸ್ವಲ್ಪಸ್ವಲ್ಪವಾಗಿ ಟ್ಯಾಂಕಿಗೇ ಹಿಂದಕ್ಕೆ ಹರಿಸಿದೆವು. ವಾಲ್ವ್ ಮುಚ್ಚಿದ ಮೇಲೆ ಹಳ್ಳಕ್ಕೆ ಒಂದು ತೊಟ್ಟು ಕೊಳಚೆಯೂ ಬೀಳಲಿಲ್ಲ.

ಕಣ್ಣಿಗೆ ಕೊಳಕಾಗಿ ಕಾಣುವುದನ್ನೆಲ್ಲ ತೊಳೆದುಬಿಡಬಾರದು, ಮೊದಲು ಅದು ಯಾರ ಮನೆ ಎಂದು ಕೇಳಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಮುಂದಿನ ಹಬ್ಬಗಳಲ್ಲಿ ಟ್ಯಾಂಕಿನ ಹೊರಗೋಡೆಗೆ ಮಾತ್ರ ಸುಣ್ಣ ಬಿತ್ತು.

ಜಾಡಿಯಲ್ಲಿ ಕೆಸರು ಇಳಿದ ದಿನವೇ ಸಂಜೆ ಬಸ್ ಸ್ಟಾಪಿಗೆ ನಿಂಗೇಗೌಡರು ತೂಕುಪಾತ್ರೆ ಹಿಡಿದು ಬಂದರು. “ಎಮ್ಮೆ ಈಯ್ತು ಕಣವ್ವಾ, ಹೆಣ್ಗರ. ತಗ, ಗಿಣ್ಣಾಲು. ಬಾಣಂತನ ನಮ್ಮನೇವ್ಳೇ ಮಾಡ್ತಾವ್ಳೆ.”

ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು, ಮೇಲೆ ಏಲಕ್ಕಿ ಹಾಕಿದ ಗಿಣ್ಣು. ಮಗಳು ಕೇಳಿ ಕೇಳಿ ಹಾಕಿಸಿಕೊಂಡಳು, ಅತ್ತೆಯವರು ಬಟ್ಟಲು ಬಳಿದು ತಿಂದರು. ಪಾತ್ರೆ ತೊಳೆದವರು ನಮ್ಮ ಯಜಮಾನರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನು.