ಮಗಳು ಕಂಡ ಬಾಘರೋಲ್

ಕೋಲ್ಕತ್ತಕ್ಕೆ ವರ್ಗವಾಗಿ ಮೂರು ವರ್ಷವಾಗಿದ್ದರೂ ಲೇಕ್ ಗಾರ್ಡನ್ಸ್‌ನ ಮನೆ, ಬಿಬಿಡಿ ಬಾಗ್‌ನ ಆಫೀಸು ಬಿಟ್ಟರೆ ನಾನು ಕಂಡದ್ದು ಕಡಿಮೆ. ಊರಿನ ಪೂರ್ವದಂಚಿನ ಜೌಗು ಕೆರೆಗಳಲ್ಲಿ ದೋಣಿ ಹತ್ತಿಸಿ ಕಾಡುಪ್ರಾಣಿ ತೋರಿಸುತ್ತಾರೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದೇ ತಡ, ಚಳಿಗಾಲದ ಒಂದು ಭಾನುವಾರ ಹತ್ತು ವರ್ಷದ ಮಗಳನ್ನು ಕರೆದುಕೊಂಡು ಹೊರಟೆ.

ನಮ್ಮ ಮಾರ್ಗದರ್ಶಿ ಐವತ್ತು ದಾಟಿದ ಹೆಂಗಸು. ಹಿಂದೆ ಇದೇ ಕೆರೆಗಳಲ್ಲಿ ಬಲೆ ಎಳೆಯುತ್ತಿದ್ದವರು. ಬಿದಿರಿನ ಗಳ ಊರಿ ದೋಣಿ ನೂಕುತ್ತ, ಬಂಗಾಳಿ ಬೆರೆತ ಹಿಂದಿಯಲ್ಲಿ ನೀರುಕಾಗೆ, ಮಿಂಚುಳ್ಳಿಗಳನ್ನು ತೋರಿಸಿದರು. ಎರವಲು ತಂದ ಬೈನಾಕ್ಯುಲರ್‌ನಲ್ಲಿ ನನಗೆ ಪ್ರತಿ ಹಕ್ಕಿಯೂ ಹಾರಿಹೋದ ಮೇಲೆಯೇ ಸಿಗುತ್ತಿತ್ತು.

ಇದ್ದಕ್ಕಿದ್ದಂತೆ ಅವರು ಗಳವನ್ನು ತಡೆದು ನಿಲ್ಲಿಸಿದರು. "ಚುಪ್! ಬಾಘರೋಲ್," ಎಂದು ಉಸುರಿ, ಗದ್ದದಿಂದಲೇ ಜೊಂಡಿನ ಕಡೆ ಸನ್ನೆ ಮಾಡಿದರು.

"ಅಮ್ಮಾ, ಕ್ಯಾಟ್! ಇತ್ನಾ ಬಡಾ! ಪಾನಿಯಲ್ಲಿ ಕೈ ಹಾಕಿದೆ!" ಎಂದಿನ ಬೆರಕೆ ಭಾಷೆಯಲ್ಲಿ ಹೇಳುತ್ತ ಮಗಳು ನನ್ನ ತೋಳು ಹಿಡಿದಳು.

"ಎಲ್ಲಿ ಅದ? ಎಲ್ಲಿ?" ನನ್ನ ಗಾಜಿನೊಳಗೆ ಬರೀ ಹಸಿರು. ಬೈನಾಕ್ಯುಲರ್ ಕೆಳಗಿಳಿಸುವಷ್ಟರಲ್ಲಿ ಜೊಂಡು ಅಲುಗಾಡಿ ಸುಮ್ಮನಾಗಿತ್ತು. ಹೊಟ್ಟೆಕಿಚ್ಚಿಗೋ ಏನೋ, "ನಾಯಿ ಇರಬೇಕು, ಬಿಡು" ಎಂದುಬಿಟ್ಟೆ.

"ನಾಯಿ ಅಲ್ಲ!" ಮಗಳ ಕಣ್ಣು ತುಂಬಿತು.

ಭಾಷೆ ತಿಳಿಯದಿದ್ದರೂ ಜಗಳ ತಿಳಿದಿರಬೇಕು, ಆ ಹೆಂಗಸು ನಗುತ್ತ ದೋಣಿಯನ್ನು ದಡಕ್ಕೆ ತಂದರು. ಕೆಸರಿನಲ್ಲಿ ದುಂಡನೆಯ ಹೆಜ್ಜೆಗಳಿದ್ದವು. ಅವುಗಳೊಳಗೆ ನೀರು ಇನ್ನೂ ಜಿನುಗುತ್ತಿತ್ತು. ಪಕ್ಕದಲ್ಲಿ ನಾಲ್ಕಾರು ಮೀನಿನ ಹುರುಪೆ. ನಾನು ನಾಯಿ ಎಂದದ್ದನ್ನು ಮಗಳು ಹಿಂದಿಯಲ್ಲಿ ಅವರಿಗೆ ದೂರಿದಳು. "ನಾಯಿಯಾಗಿದ್ದರೆ ಉಗುರಿನ ಗುರುತು ಎದ್ದು ಕಾಣ್ತಿತ್ತು," ಎಂದು ಬಗ್ಗಿ ತೋರಿಸಿದರು. "ಇದು ಮೀನು ಹಿಡಿಯೋ ಬೆಕ್ಕು. ನೀರನ್ನು ಪಂಜದಿಂದ ಮೆಲ್ಲಗೆ ತಟ್ಟುತ್ತೆ. ಹುಳ ಬಿತ್ತು ಅಂದುಕೊಂಡು ಮೀನು ಮೇಲೆ ಬರುತ್ತೆ."

"ನಿಮ್ಮ ಮೀನನ್ನೂ ತಿಂತಿತ್ತಾ?" ಎಂದೆ.

"ತಿಂತಿತ್ತು. ಆಗ ಓಡಿಸ್ತಿದ್ದೆವು. ಈಗ ನಾಲ್ಕು ದಿನ ಕಾಣದಿದ್ದರೆ ನಾನೇ ಹುಡುಕಿಕೊಂಡು ಬರ್ತೀನಿ."

"ಕನ್ನಡದಲ್ಲಿ ಏನಂತಾರೆ, ಅಮ್ಮಾ?" ಮಗಳು ಕೇಳಿದಳು. ಹಿಂದೆಂದೂ ಅವಳಾಗಿಯೇ ಕನ್ನಡದ ಪದ ಕೇಳಿದ್ದು ನನಗೆ ನೆನಪಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಂಡೆ.

ಮರಳುವಾಗ, "ನನ್ನದ ತಪ್ಪಾತು. ಏನ್ ನೋಡಿದಿ, ಪೂರ್ತಿ ಹೇಳು," ಎಂದೆ. ಗಿಡ್ಡ ಬಾಲ, ಮೈತುಂಬ ಚುಕ್ಕೆ, ಒದ್ದೆಯಾದ ಒಂದೇ ಕೈ. ತಡವರಿಸುತ್ತ ಅವಳು ಕನ್ನಡದಲ್ಲೇ ಹೇಳಿದಳು. ಕಿವಿ ಹೇಗಿತ್ತು, ನಮ್ಮನ್ನು ನೋಡಿತೇ ಎಂದು ದೋಣಿ ಹೊರಟ ದಡ ಮುಟ್ಟುವವರೆಗೂ ನಾನು ಕೇಳುತ್ತಲೇ ಇದ್ದೆ.