ಚೊಂಬುಮುಳ್ಳು

ಆಗೆಲ್ಲ ನಮ್ಮೂರಿನವರ ಬಟ್ಟೆಯಂಚು ನೋಡಿದರೆ ಸಾಕು, ಎಲ್ಲಿಗೆ ಹೋಗಿ ಬಂದರೆಂದು ಹೇಳಬಹುದಿತ್ತು. ಬೆಳಕವಾಡಿ ಕಡೆಯ ಊರು ನಮ್ಮದು. ಮಳೆಗಾಲ ಮುಗಿಯುವ ಹೊತ್ತಿಗೆ ನಾಲೆ ಏರಿಯ ತುಂಬ ಉತ್ತರಾಣಿ, ಅಂಟುಪುರಲೆ, ಮರುಳುಮತ್ತಿ ಎದೆಮಟ್ಟ ಬೆಳೆದು ನಿಲ್ಲುತ್ತಿದ್ದವು. ಅವ್ವ ಎಲ್ಲಕ್ಕೂ ಅಂಟುಮುಳ್ಳು ಅಂದುಬಿಡುತ್ತಿದ್ದಳು. ಹುಡುಗರು ಮರುಳುಮತ್ತಿ ಕಾಯಿ ಕಿತ್ತು ನಮ್ಮ ಜಡೆಗೆ ಎಸೆಯುತ್ತಿದ್ದರು. ಬಿಡಿಸಲು ಹೋದರೆ ಕೂದಲೇ ಕಿತ್ತು ಬರುತ್ತಿತ್ತು. ನಾವೇನು ಕಡಿಮೆ, ಹಿಂದಿನಿಂದ ಹೋಗಿ ಉತ್ತರಾಣಿ ಕಡ್ಡಿಯನ್ನು ಅವರ ಬೆನ್ನಿಗೆ ಎಳೆದು ಓಡುತ್ತಿದ್ದೆವು.

ಮಳವಳ್ಳಿಯ ಹೈಸ್ಕೂಲಿಗೆ ಸೇರಿದ ಮೇಲೆ ಆ ಆಟ ನಿಂತಿತು. ನಮ್ಮೂರಲ್ಲಿ ಕಕ್ಕಸು ಇದ್ದ ಮನೆ ಒಂದೂ ಇರಲಿಲ್ಲ. ಹೆಂಗಸರು ನಸುಕಿನಲ್ಲಿ ಚೊಂಬು ಹಿಡಿದು ನಾಲೆ ಏರಿಗೆ ಹೋಗುತ್ತಿದ್ದರು, ನಾನು ಅವ್ವನ ಹಿಂದೆ. ಏಳುವುದು ತಡವಾದರೆ ಯೂನಿಫಾರ್ಮ್ ಹಾಕಿಕೊಂಡೇ ಓಡುತ್ತಿದ್ದೆ. ಆಮೇಲೆ ಬಸ್ಸಿನಲ್ಲಿ ಕೂತು ನೀಲಿ ಲಂಗದಂಚಿನ ಮುಳ್ಳನ್ನೆಲ್ಲ ಕೀಳುವುದು. ಎಷ್ಟು ಕಿತ್ತರೂ ಎಲ್ಲೋ ಒಂದೆರಡು ಉಳಿದಿರುತ್ತಿದ್ದವು. ಒಂದು ದಿನ ಪೇಟೆಯ ಹುಡುಗಿ ಸುಮ ಅಂಥದೊಂದನ್ನು ಎರಡು ಬೆರಳಲ್ಲಿ ಎತ್ತಿ ಕ್ಲಾಸಿಗೆಲ್ಲ ತೋರಿಸಿದಳು.

"ಚೊಂಬುಮುಳ್ಳು ಕಣ್ರೇ ಇದು," ಅಂದಳು.

ಎಲ್ಲರೂ ನಕ್ಕರು. ಅಲ್ಲಿಂದ ಮುಂದೆ ನನ್ನನ್ನೂ ಅದೇ ಹೆಸರಿನಿಂದ ಕರೆದರು. ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಅವರೆಕಾಯಿ ಕಾಲ. ಮನೆಯೆಲ್ಲ ಸೊಗಡಿನ ವಾಸನೆ, ಒಲೆಯ ಮೇಲೆ ಉಪ್ಸಾರು. ನಾನು ಮುದ್ದೆಯನ್ನು ಮುರಿಯದೆ ತಟ್ಟೆಯಲ್ಲೇ ಬಿಟ್ಟಿದ್ದೆ. ಅಪ್ಪ ಯಾಕೆಂದು ಕೇಳಿದ. ನಾಲೆ ಏರಿಯ ಮುಳ್ಳು ಲಂಗಕ್ಕೆ ಅಂಟುತ್ತೆ, ಸ್ಕೂಲಲ್ಲಿ ನಗುತ್ತಾರೆ ಎಂದಷ್ಟೇ ಹೇಳಿದೆ. ಉಳಿದದ್ದನ್ನು ಅಪ್ಪನ ಮುಂದೆ ಹೇಳುವುದು ಹೇಗೆ?

"ಅಷ್ಟೇಯಾ? ನಾಳಿಕ್ ಎಲ್ಲಾನೂ ಸವ್ರಾಕ್ತೀನಿ ಬುಡು ಮಗ," ಅಂದ.

ಹೇಳಿದಂತೆ ಮಾಡಿದ. ಮಚ್ಚು ಹಿಡಿದು ಹೋಗಿ, ಏರಿಯನ್ನು ಬೋಳು ಮಾಡಿ, ಪಂಚೆ ತುಂಬ ಮುಳ್ಳು ಅಂಟಿಸಿಕೊಂಡು ನಗುತ್ತಾ ಬಂದ. ಹೆಂಗಸರು ಆ ಕಡೆ ಹೋಗುತ್ತಾರೆಂದು ಊರಿನ ಗಂಡಸರಿಗೆಲ್ಲ ಗೊತ್ತಿತ್ತು. ಯಾವುದರ ಮರೆಯಲ್ಲಿ ಕೂರುತ್ತಾರೆಂದು ಯಾರೂ ಯೋಚಿಸಿರಲಿಲ್ಲ. ಸುತ್ತಲ ಕಬ್ಬೆಲ್ಲ ಕಡಿದಾಗಿತ್ತು. ಇದ್ದ ಮರೆ ಅದೊಂದೇ.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಪುಟ್ಟತಾಯಮ್ಮ ಖಾಲಿ ಮಾಡದ ಚೊಂಬನ್ನು ಹಾಗೇ ಹಿಡಿದು ನಮ್ಮ ಜಗಲಿಯ ಮುಂದೆ ನಿಂತಳು. ಅವಳ ಹಿಂದೆ ಇನ್ನೂ ಮೂರು ನಾಲ್ಕು ಜನ.

"ನಿನ್ ಗಂಡ ಎಲ್ಲಾನೂ ಬೋಳಿಸ್ಬುಟ್ಟವ್ನೆ ಕಣವ್ವ. ಈಗ ನಾವ್ ಎಲ್ ಓಗವಾ, ನೀನೇ ಏಳು," ಅಂದಳು ಅವ್ವನಿಗೆ.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳೇ ಹೊರತು ನನ್ನ ಹೆಸರು ಎತ್ತಲಿಲ್ಲ. ಒಳಗಿದ್ದ ಅಪ್ಪ ಹಿತ್ತಿಲ ಬಾಗಿಲಿಂದ ಗದ್ದೆಗೆ ಹೋದ. ಆಮೇಲೆ ಬಹಳ ಕಾಲ ಚೊಂಬು ಹಿಡಿದ ಹೆಂಗಸರು ಬೀದಿಗೆ ಬಂದರೆ ಅವನು ಗೋಡೆಯ ಕಡೆ ತಿರುಗಿ ಕೂರುತ್ತಿದ್ದ.

ಗಿಡ ಮತ್ತೆ ಬೆಳೆಯಲು ಮುಂದಿನ ಮಳೆಯೇ ಬರಬೇಕಿತ್ತು. ಅಲ್ಲಿಯವರೆಗೆ ಹೆಂಗಸರು ಕೋಳಿ ಕೂಗುವ ಮೊದಲೇ ಎದ್ದು ದೂರದ ಕೆರೆಯ ಹಿಂದಕ್ಕೆ ನಡೆದರು. ಹಗಲಲ್ಲಿ ಬಂದರೆ ತಡೆದುಕೊಳ್ಳಬೇಕು. ಅದಕ್ಕೆ ಅವ್ವ ನೀರು ಕುಡಿಯುವುದನ್ನೇ ಬಿಟ್ಟಳು. ಬಿಸಿಲಲ್ಲಿ ಕಳೆ ಕಿತ್ತು ಬಂದವಳು ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದಳು. ನುಂಗುತ್ತಿರಲಿಲ್ಲ. ಉಂಡೆದ್ದ ಮೇಲೂ ಅವಳ ಲೋಟ ತುಂಬಿಯೇ ಇರುತ್ತಿತ್ತು. ಅಪ್ಪ ಅದನ್ನು ನೋಡಿ ಎದ್ದು ಹೋಗುತ್ತಿದ್ದ. ನಾನು ಮುಳ್ಳಿಲ್ಲದ ಲಂಗ ತೊಟ್ಟು ಸ್ಕೂಲಿಗೆ ಹೋದೆ. ಯಾರೂ ನಗಲಿಲ್ಲ. ಆದರೂ ಆ ಲಂಗ ಉಡುವಾಗೆಲ್ಲ ಮೈ ಹಿಡಿಯಾಗುತ್ತಿತ್ತು.

ಈಗ ನಾಲೆಗೆ ಸಿಮೆಂಟು ಹಾಕಿದ್ದಾರೆ. ಏರಿಗೆ ಕಳೆ ಔಷಧಿ ಹೊಡೆಯುತ್ತಾರೆ. ಉತ್ತರಾಣಿ ಬೇಕೆಂದರೆ ಹುಡುಕಿಕೊಂಡು ಹೋಗಬೇಕು, ಅಂಟುಪುರಲೆ ಅಂದರೆ ನನ್ನ ಮಗಳು ಮುಖ ನೋಡುತ್ತಾಳೆ. ಅವ್ವ ಮಂಡ್ಯದಲ್ಲಿ ನನ್ನ ಜೊತೆಯೇ ಇದ್ದಾಳೆ. ಬಚ್ಚಲು, ಕಕ್ಕಸು ಎಲ್ಲ ಅವಳ ಕೋಣೆಗೇ ಅಂಟಿಕೊಂಡಿವೆ. ಆದರೂ ಅಂದು ಬಿಟ್ಟ ನೀರು ಅವಳಿಗೆ ಮತ್ತೆ ರೂಢಿಯಾಗಲೇ ಇಲ್ಲ. ನೀರು ಸಾಲದೆ ಮೂತ್ರಕೋಶ ಕೆಟ್ಟಿದೆ, ಚೆನ್ನಾಗಿ ಕುಡಿಸಿ ಎಂದು ಡಾಕ್ಟರು ಬೈದು ಕಳಿಸಿದ್ದಾರೆ. ಮೊನ್ನೆ ಲೋಟ ಹಿಡಿದು ಪಕ್ಕದಲ್ಲಿ ಕೂತು, ಬಾಯಾರಿಕೆಯೂ ಆಗುವುದಿಲ್ಲವೇ ಎಂದು ಕೇಳಿದೆ. ಅವ್ವ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಅದು ಎಂಗಾಯ್ತದೆ ಅನ್ನೋದೇ ಮರ್ತೋಗ್ಬುಟ್ಟದೆ ಕಣ್ ಮಗ," ಅಂದಳು.